ಟೆಟ್ರಿಸ್ ಧಾಟಿಯ ಒಂದು ರೀಮಿಕ್ಸ್: ಬೇಸ್ ಕಡೆಯಿಂದ ಕೇಳಿದಾಗ

ಹಳೆಯ ವಿಡಿಯೊ ಗೇಮ್‌ಗಳ ಸಂಗೀತವನ್ನು ಎಲೆಕ್ಟ್ರಾನಿಕ್ ನೃತ್ಯಸಂಗೀತವಾಗಿ ಮಾರ್ಪಡಿಸುವವರಿಗೆ ಒಂದು ಸುಲಭದ ದಾರಿ ಯಾವಾಗಲೂ ತೆರೆದಿರುತ್ತದೆ. ಎಲ್ಲರಿಗೂ ಬಾಯಿಪಾಠವಾಗಿರುವ ಧಾಟಿಯನ್ನು ಎತ್ತಿಕೊಂಡು, ಅದರ ಕೆಳಗೆ ಪ್ರತಿ ಬೀಟ್‌ಗೂ ಒಂದು ಕಿಕ್ ಡ್ರಮ್ ಹಾಕಿ, ಮೇಲೆ ದಪ್ಪ ಸಿಂಥ್ ದನಿಗಳನ್ನು ಪೇರಿಸಿಬಿಟ್ಟರೆ, ಉಳಿದ ಕೆಲಸವನ್ನು ಕೇಳುಗರ ನೆನಪೇ ಮಾಡಿಕೊಡುತ್ತದೆ. ಆದ್ದರಿಂದ ಇಂಥ ರೀಮಿಕ್ಸ್ ಕೈಗೆ ಸಿಕ್ಕಾಗ ನಾನು ಧಾಟಿಯನ್ನು ಪಕ್ಕಕ್ಕಿಟ್ಟು, ಬೇಸ್, ಅಂದರೆ ತಗ್ಗು ಸ್ವರಗಳ ಸಾಲು, ಏನು ಮಾಡುತ್ತಿದೆ ಎಂಬುದನ್ನು ಮೊದಲು ಗಮನಿಸುತ್ತೇನೆ. ಈಚೆಗೆ ಮತ್ತೆ ಮತ್ತೆ ಕೇಳಿದ, ಗೇಮ್ ಬಾಯ್‌ನ (ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರ) ಟೆಟ್ರಿಸ್ ಧಾಟಿಯನ್ನು ಆಧರಿಸಿದ ಐದು ನಿಮಿಷಕ್ಕೂ ಮಿಕ್ಕಿದ ಒಂದು ಹೌಸ್ (ಪ್ರತಿ ಬೀಟ್‌ಗೂ ಕಿಕ್ ಬೀಳುವ ನೃತ್ಯಸಂಗೀತದ ಬಗೆ) ರೀಮಿಕ್ಸ್ ಈ ಪರೀಕ್ಷೆಯಲ್ಲಿ ಅರ್ಧದಾರಿಯವರೆಗೆ ತುಂಬ ಚೆನ್ನಾಗಿ ಸಾಗಿ, ಆಮೇಲೆ ಸುಲಭದ ದಾರಿಗೆ ಇಳಿದುಬಿಟ್ಟಿದೆ. ತಯಾರಿಸಿದವರ ಹೆಸರು ಇಲ್ಲಿ ಅನಗತ್ಯ. ಅದರ ಒಳರಚನೆಯಷ್ಟೇ ಈ ಬರಹದ ವಿಷಯ.

ಮೂಲ ಯಾವುದು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. 1989ರಲ್ಲಿ ಗೇಮ್ ಬಾಯ್‌ಗಾಗಿ ಬಂದ ಟೆಟ್ರಿಸ್‌ನಲ್ಲಿ ಆಟಗಾರರು ಎ, ಬಿ, ಸಿ ಎಂಬ ಮೂರು ಸಂಗೀತಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ಜಗತ್ತಿನಾದ್ಯಂತ 'ಟೆಟ್ರಿಸ್ ಹಾಡು' ಎಂದೇ ಹೆಸರಾಗಿರುವ ಎ-ಟೈಪ್ ನಿಜಕ್ಕೂ 'ಕೊರೊಬೈನಿಕಿ' ಎಂಬ ರಷ್ಯನ್ ಜಾನಪದ ಗೀತೆ. ಅದರ ಸಾಹಿತ್ಯವು ನಿಕೊಲಾಯ್ ನೆಕ್ರಾಸೊವ್ 1861ರಲ್ಲಿ ಪ್ರಕಟಿಸಿದ ಕವಿತೆಯಿಂದ ಬಂದದ್ದು. ಸಿ-ಟೈಪ್ ಬಾಖ್‌ನ ಮೂರನೆಯ ಫ್ರೆಂಚ್ ಸ್ವೀಟ್‌ನ ಒಂದು ನೃತ್ಯಭಾಗ. ಇವನ್ನು ಗೇಮ್ ಬಾಯ್‌ನ ಪುಟ್ಟ ಚಿಪ್‌ಗೆ ಹೊಂದಿಸಿದವರು ನಿಂಟೆಂಡೊದ ಹಿರೊಕಾಜು ತನಾಕಾ. ಅಂದರೆ ನಾವು 'ಮೂಲ' ಎನ್ನುತ್ತಿರುವುದೇ ಒಂದು ಮರುಜೋಡಣೆ. ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡರೆ ಮೌಲ್ಯಮಾಪನದ ದಿಕ್ಕೇ ಬದಲಾಗುತ್ತದೆ. ಧಾಟಿ ತನಾಕಾ ಅವರದಲ್ಲ; ಅವರದು ಬೇಸ್‌ನ ನಡೆ, ಜೊತೆದನಿ, ಸ್ವರಗಳ ನಡುವೆ ಬಿಟ್ಟ ಖಾಲಿ ಜಾಗಗಳ ಲೆಕ್ಕ. ಧಾಟಿಯೊಂದನ್ನೇ ಎತ್ತಿಕೊಂಡು ಉಳಿದೆಲ್ಲವನ್ನೂ ಕೈಬಿಟ್ಟ ರೀಮಿಕ್ಸ್ ಒಂದು ಜಾನಪದ ಗೀತೆಯ ನೃತ್ಯರೂಪವಾದೀತೇ ಹೊರತು ಗೇಮ್ ಸಂಗೀತದ ರೀಮಿಕ್ಸ್ ಎನಿಸಿಕೊಳ್ಳಲಾರದು. (ಹಾಗೆ ಮಾಡಿದವರಿಗೆ ಮಾರುಕಟ್ಟೆಯಲ್ಲಿ ಅಡ್ಡಿಯೇನೂ ಆಗಿಲ್ಲವೆಂಬುದೂ ನಿಜ. 1992ರಲ್ಲಿ ಆಂಡ್ರ್ಯೂ ಲಾಯ್ಡ್ ವೆಬರ್ ಮತ್ತು ನೈಜಲ್ ರೈಟ್ ಅವರು ಡಾಕ್ಟರ್ ಸ್ಪಿನ್ ಎಂಬ ಹೆಸರಿನಲ್ಲಿ ಹೊರತಂದ ಟೆಟ್ರಿಸ್ ನೃತ್ಯಗೀತೆ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ 6ನೆಯ ಸ್ಥಾನದವರೆಗೆ ಏರಿತ್ತು.)

ಗೇಮ್ ಬಾಯ್‌ನಲ್ಲಿ ಸದ್ದು ಮಾಡಲು ಇದ್ದದ್ದು ನಾಲ್ಕೇ ಚಾನೆಲ್: ಎರಡು ಪಲ್ಸ್ ದನಿಗಳು (ಚೌಕಾಕಾರದ ಅಲೆಯ ದನಿಗಳು), 32 ಬಿಂದುಗಳ ಒಂದು ಪುಟ್ಟ ಅಲೆಯನ್ನು ನಾವೇ ಬರೆದುಕೊಳ್ಳಬಹುದಾದ ವೇವ್ ಚಾನೆಲ್, ಮತ್ತು ತಾಳವಾದ್ಯದ ಜಾಗ ತುಂಬುವ ಒಂದು ನಾಯ್ಸ್ ಚಾನೆಲ್. ವೇವ್ ಚಾನೆಲ್‌ಗೆ ಪೂರ್ತಿ, ಅರ್ಧ, ಕಾಲು, ಮೌನ ಎಂಬ ನಾಲ್ಕು ಹಂತಗಳ ಹೊರತು ಬೇರೆ ಏರಿಳಿತವಿಲ್ಲ. ದನಿಯನ್ನು ಮೆಲ್ಲಗೆ ಇಳಿಸುವ ಅನುಕೂಲವೇ ಇಲ್ಲದಿದ್ದಾಗ ಒತ್ತು ಕೊಡಲು ಉಳಿಯುವ ಉಪಾಯವೆಂದರೆ ಸ್ವರವನ್ನು ಬೇಗ ಕತ್ತರಿಸುವುದು, ಇಲ್ಲವೇ ಸ್ಥಾಯಿಯನ್ನೇ ಬದಲಿಸುವುದು. ಟೆಟ್ರಿಸ್‌ನ ಬೇಸ್ ಎರಡನೆಯದನ್ನು ಮಾಡುತ್ತದೆ: ಬೀಟ್ ಬಿದ್ದಾಗ ಕೆಳಸ್ಥಾಯಿಯ ಸ್ವರ, ಎರಡು ಬೀಟ್‌ಗಳ ನಡುವೆ ಅದೇ ಸ್ವರ ಒಂದು ಸ್ಥಾಯಿ ಮೇಲೆ, ಮತ್ತೆ ಕೆಳಗೆ, ಮತ್ತೆ ಮೇಲೆ. ಎಪ್ಪತ್ತರ ದಶಕದ ಡಿಸ್ಕೊ ಹಾಡುಗಳನ್ನು ಕೇಳಿದ ಯಾರಿಗೇ ಆದರೂ ಈ ನಡೆ ಕೂಡಲೇ ಪರಿಚಿತವೆನಿಸುತ್ತದೆ. ಟೆಟ್ರಿಸ್ ಧಾಟಿ ನೃತ್ಯಸಂಗೀತಕ್ಕೆ ಇಷ್ಟು ಸಲೀಸಾಗಿ ಒಗ್ಗುವುದಕ್ಕೆ ಅದರ ಜನಪ್ರಿಯತೆಗಿಂತ ಈ ಬೇಸ್ ದೊಡ್ಡ ಕಾರಣವೆಂದು ನನ್ನ ಅನಿಸಿಕೆ. ಕುಣಿತ ಅದರೊಳಗೆ ಮೊದಲೇ ಇತ್ತು.

ನಾನು ಕೇಳಿದ ರೀಮಿಕ್ಸ್‌ನ ಬಹುದೊಡ್ಡ ಹೆಚ್ಚುಗಾರಿಕೆಯೆಂದರೆ ಅದನ್ನು ಮಾಡಿದವರು ಇದನ್ನು ಗುರುತಿಸಿರುವುದು. ಆರಂಭದಲ್ಲಿ ಧಾಟಿಯ ಸುಳಿವೇ ಇಲ್ಲ. ಫಿಲ್ಟರ್ ಹಾಕಿ ಮಂಕುಮಾಡಿದ ಒಂದೇ ಸ್ವರ ಬೀಟ್‌ಗಳ ನಡುವಿನ ಜಾಗಗಳಲ್ಲಿ ಮಾತ್ರ ಮಿಡಿಯುತ್ತಿರುತ್ತದೆ. ಯಾವುದೋ ಸಾಮಾನ್ಯ ಹೌಸ್ ಟ್ರ್ಯಾಕ್ ಇರಬೇಕು ಎನ್ನುವಷ್ಟು ಸಾಧಾರಣವಾದ ಸದ್ದು ಅದು. ಕೆಲವು ಆವರ್ತಗಳ ನಂತರ ಕಿಕ್ ಡ್ರಮ್ ಸೇರಿಕೊಂಡಾಗ, ಆ ಮಿಡಿತ ತನಾಕಾ ಬೇಸ್‌ನ ಮೇಲ್‌ಸ್ವರವೆಂಬುದೂ, ಕೆಳಸ್ವರದ ಕೆಲಸವನ್ನು ಈಗ ಕಿಕ್ ವಹಿಸಿಕೊಂಡಿದೆಯೆಂಬುದೂ ತಿಳಿಯುತ್ತದೆ. ಗೇಮ್ ಬಾಯ್‌ನಲ್ಲಿ ಒಂದೇ ಚಾನೆಲ್ ನಿಭಾಯಿಸುತ್ತಿದ್ದ ಎರಡು ಹೊಣೆಗಳನ್ನು ಇಬ್ಬರಿಗೆ ಹಂಚಿಕೊಟ್ಟಂತೆ. ಮೂಲದ ಧಾಟಿಯ ಒಂದು ಸ್ವರವನ್ನೂ ನುಡಿಸದೆ ಮೂಲವನ್ನು ನೆನಪಿಗೆ ತರುವ ಈ ಕ್ರಮ ನನಗೆ ಇಡೀ ರೀಮಿಕ್ಸ್‌ನಲ್ಲೇ ಅತ್ಯಂತ ಇಷ್ಟವಾದದ್ದು. ಮೊದಲ ಡ್ರಾಪ್‌ನಲ್ಲಿಯೂ (ಏರಿಕೆಯ ನಂತರ ಸಂಗೀತ ಪೂರ್ಣಬಲದಿಂದ ಬಂದೆರಗುವ ಘಟ್ಟ) ಇದೇ ಸಂಯಮವಿದೆ: ಪೂರ್ತಿ ಧಾಟಿ ಬರುವುದಿಲ್ಲ, 'ಪ ರಿ ಗ ಮ' ಎಂಬ ಮೊದಲ ನಾಲ್ಕು ಸ್ವರಗಳು ಮಾತ್ರ ಬಂದು ಅಲ್ಲಿಯೇ ತುಂಡಾಗುತ್ತವೆ, ಮತ್ತು ಮುಂದಿನದನ್ನು ನಾವೇ ಮನಸ್ಸಿನಲ್ಲಿ ಹಾಡಿಕೊಳ್ಳಬೇಕಾಗುತ್ತದೆ.

ಲಯದ ವಿಷಯದಲ್ಲಿಯೂ ಒಂದು ಕುತೂಹಲದ ಸಂಗತಿಯಿದೆ. ಆ ಕಾಲದ ಗೇಮ್‌ಗಳಲ್ಲಿ ಸಂಗೀತದ ವೇಗ ಸಾಮಾನ್ಯವಾಗಿ ಪರದೆಯ ಫ್ರೇಮ್‌ಗಳಿಗೆ ಕಟ್ಟುಬಿದ್ದಿರುತ್ತಿತ್ತು. ಗೇಮ್ ಬಾಯ್ ಸೆಕೆಂಡಿಗೆ ಸುಮಾರು 59.7 ಫ್ರೇಮ್‌ಗಳನ್ನು ತೋರಿಸುತ್ತದೆ. ಕಾಲು ಬೀಟ್‌ಗೆ 6 ಫ್ರೇಮ್ ಕೊಟ್ಟರೆ ನಿಮಿಷಕ್ಕೆ ಸುಮಾರು 149 ಬೀಟ್, 7 ಫ್ರೇಮ್ ಕೊಟ್ಟರೆ 128. ನಡುವಿನ ವೇಗ ಬೇಕೆಂದರೆ ಫ್ರೇಮ್‌ಗಳನ್ನು ಏರುಪೇರಾಗಿ ಹಂಚಬೇಕಾಗುತ್ತಿತ್ತು. ಎ-ಟೈಪ್ ಸಾಗುವುದು 150ರ ಆಸುಪಾಸಿನಲ್ಲಿ. ಹೌಸ್ ಸಂಗೀತದಲ್ಲಿ ತೀರ ರೂಢಿಯಲ್ಲಿರುವ ವೇಗಗಳಲ್ಲೊಂದಾದ 128ನ್ನೇ ಈ ರೀಮಿಕ್ಸ್ ಆರಿಸಿಕೊಂಡಿದೆ, ಅಂದರೆ ಮೂಲದ ಚಿಪ್‌ನ ಲೆಕ್ಕದಲ್ಲಿ ಒಂದೇ ಒಂದು ಫ್ರೇಮಿನಷ್ಟು ನಿಧಾನವಾಗಿದೆ. ಇದು ಉದ್ದೇಶಪೂರ್ವಕವೋ ಕಾಕತಾಳೀಯವೋ, ಫಲವಂತೂ ಚೆನ್ನಾಗಿದೆ: ಮೂಲದಲ್ಲಿ ಓಡುತ್ತಿದ್ದ ಧಾಟಿಗೆ ಇಲ್ಲಿ ನಡೆಯುವ ಗತಿ ದಕ್ಕಿದೆ, ಬೇಸ್‌ನ ಮೇಲ್‌ಸ್ವರಕ್ಕೆ ಉಸಿರಾಡಲು ಜಾಗ ಸಿಕ್ಕಿದೆ.

ತಕರಾರು ಶುರುವಾಗುವುದು ಧಾಟಿಯ ಎರಡನೆಯ ಭಾಗದಲ್ಲಿ. ನಮ್ಮ ಸ್ವರಗಳ ಭಾಷೆಯಲ್ಲಿ ಹೇಳುವುದಾದರೆ, ಮೊದಲ ಭಾಗದ ಮುಖ್ಯ ಧಾಟಿ ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಧೈವತಗಳ ಜೊತೆಗೆ ಕೈಶಿಕಿ ನಿಷಾದವನ್ನು ಬಳಸುತ್ತದೆ. 'ಮ ಧ ಸ ನಿ ಧ ಪ' ಎಂದು ಮೇಲಕ್ಕೆ ಜಿಗಿದು ಇಳಿಯುವಾಗ ಅದು ಸ್ಪಷ್ಟವಾಗಿ ಕೇಳಿಸುತ್ತದೆ, ಹಾಗಾಗಿ ಸ್ವರಗಳ ಮಟ್ಟಿಗೆ ಅದು ನಟಭೈರವಿ ರಾಗ. ಎರಡನೆಯ ಭಾಗದಲ್ಲಿ ಧಾಟಿ ನಿಧಾನಗೊಂಡು 'ಪ ಗ ಮ ರಿ ಗ ಸ ನಿ ರಿ' ಎಂಬ ನೀಳ ಸ್ವರಗಳಾಗುತ್ತದೆ, ಮತ್ತು ಅಲ್ಲಿನ ನಿಷಾದ ಕಾಕಲಿ, ಅಂದರೆ ಕೈಶಿಕಿಗಿಂತ ಅರ್ಧ ಮೆಟ್ಟಿಲು ಮೇಲಿನದು. ಈ ಒಂದು ಸ್ವರದ ಬದಲಾವಣೆಯಿಂದ ನೆಲ ಕೀರವಾಣಿಯದಾಗುತ್ತದೆ. ಎರಡನೆಯ ಸಲ ಆ ಸಾಲು ತಾರ ಷಡ್ಜವನ್ನು ಮುಟ್ಟಿ, ಅರ್ಧ ಮೆಟ್ಟಿಲು ಕೆಳಗಿನ ಕಾಕಲಿ ನಿಷಾದದ ಮೇಲೆ ನಿಂತುಬಿಡುತ್ತದೆ. ಷಡ್ಜಕ್ಕೆ ಮರಳಬೇಕೆಂಬ ಆ ತುಡಿತವೇ ಧಾಟಿಯನ್ನು ಮತ್ತೆ ಮೊದಲ ಭಾಗಕ್ಕೆ ಎಳೆದುಕೊಂಡು ಹೋಗುವ ಶಕ್ತಿ. ಗೇಮ್‌ನಲ್ಲಿ ಲೂಪ್ ಬೇಸರ ತರಿಸದೆ ತಿರುಗುತ್ತಿದ್ದುದು ಇದರ ಬಲದಿಂದ.

ರೀಮಿಕ್ಸ್ ಮಾಡಿದವರು ಈ ಭಾಗದ ಕೆಳಗೆ ಎ ಮೈನರ್, ಎಫ್, ಸಿ, ಜಿ ಎಂಬ ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸುತ್ತನ್ನು ಹಾಸಿದ್ದಾರೆ. ಈಗಿನ ನೃತ್ಯಗೀತೆಗಳಲ್ಲಿ ಎಲ್ಲೆಂದರಲ್ಲಿ ಕೇಳಿಬರುವ ಸುತ್ತು ಇದು. ಭಾವುಕ, ಸುಖಕರ, ಯಾವ ಧಾಟಿಯ ಕೆಳಗಾದರೂ ಕೂರುವಂಥದ್ದು. ಆದರೆ ಎ ಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ ಜಿ ಕಾರ್ಡ್‌ನಲ್ಲಿರುವುದು ಕೈಶಿಕಿ ನಿಷಾದ, ಧಾಟಿಯಲ್ಲಿರುವುದು ಕಾಕಲಿ; ಎರಡೂ ಒಟ್ಟಿಗೆ ಕೇಳಿದರೆ ಕಿವಿಗೆ ಚುಚ್ಚುತ್ತದೆ. ಆ ಘರ್ಷಣೆಯನ್ನು ತಪ್ಪಿಸಲು ಅವರು ಕಾರ್ಡನ್ನು ಬದಲಿಸುವ ಬದಲು ಧಾಟಿಯ ನಿಷಾದವನ್ನೇ ಇಳಿಸಿಬಿಟ್ಟಿದ್ದಾರೆ. ಹಾಗೆ ಮಾಡಿದ್ದರಿಂದ ಅಪಸ್ವರವೇನೂ ಉಳಿದಿಲ್ಲ, ಆದರೆ ಎಳೆತವೂ ಉಳಿದಿಲ್ಲ. ಜಿ ಬದಲಿಗೆ ಒಂದು ಇ ಮೇಜರ್ ಇಟ್ಟಿದ್ದರೆ ಸಾಕಿತ್ತು. ಅದರಲ್ಲಿ ಕಾಕಲಿ ನಿಷಾದ ತಾನಾಗಿಯೇ ಇದೆ. ರೂಢಿಯ ಅಚ್ಚಿಗೆ ಮೂಲವನ್ನು ಕುಗ್ಗಿಸಿ ಕೂರಿಸುವುದು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಈಚೆಗೆ ಸಿಕ್ಕಿಲ್ಲ.

ಎರಡನೆಯ ಡ್ರಾಪ್ ಬರುವುದು ಈ ನಿಸ್ತೇಜ ಭಾಗದ ಬೆನ್ನಿಗೇ. ಗೇಮ್ ಸಂಗೀತಕ್ಕೆ ಸ್ವಂತದ ಶಿಖರ ಬೇಕಿರಲಿಲ್ಲ, ಏಕೆಂದರೆ ಉದ್ವೇಗವನ್ನು ಒದಗಿಸುತ್ತಿದ್ದದ್ದು ಆಟ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಕೆಳಮುಖವಾಗಿ ಇಳಿಯುವ ನಾಲ್ಕೇ ಸ್ವರಗಳಿದ್ದು, ಪರದೆಯ ಮೇಲಿನ ಶತ್ರುಗಳು ಕಡಿಮೆಯಾದಂತೆಲ್ಲ ಅವು ವೇಗ ಪಡೆಯುತ್ತಿದ್ದವು. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಉಳಿದ ಸಮಯ 100ಕ್ಕಿಂತ ಕೆಳಗಿಳಿದರೆ ಕೊಜಿ ಕೊಂಡೊ ಅವರ ಸಂಗೀತ ದಾಪುಗಾಲು ಹಾಕುತ್ತಿತ್ತು. ಕೈಯಲ್ಲಿ ಗುಂಡಿಗಳಿಲ್ಲದೆ ಸುಮ್ಮನೆ ಕೇಳುವವರಿಗೆ ಆ ಉದ್ವೇಗವನ್ನು ಸಂಗೀತದೊಳಗಿನಿಂದಲೇ ಹುಟ್ಟಿಸಿಕೊಡುವುದು ರೀಮಿಕ್ಸ್‌ನ ಹೊಣೆ. ಇಲ್ಲಿ ಆ ಹೊಣೆಯನ್ನು ಹೊತ್ತಿರುವುದು ಏರುತ್ತ ಹೋಗುವ ಸ್ನೇರ್ ಉರುಳಿಕೆ, ಬಿಳಿ ನಾಯ್ಸ್‌ನ ಭೋರ್ಗರೆತ, ಕೊನೆಗೊಂದು ಕ್ಷಣದ ನಿಶ್ಶಬ್ದ. ಆಮೇಲೆ ಧಾಟಿ ಮೂರು ಸ್ಥಾಯಿಗಳಲ್ಲಿ ಒಟ್ಟಿಗೆ, ದಪ್ಪನೆಯ ಸೂಪರ್‌ಸಾ ದನಿಯಲ್ಲಿ ಅಪ್ಪಳಿಸುತ್ತದೆ. ಬೀಟ್‌ಗಳ ನಡುವೆ ಮಿಡಿಯುತ್ತಿದ್ದ ಆ ಬೇಸ್ ಸ್ವರ ಈ ಗದ್ದಲದಲ್ಲಿ ಎಲ್ಲಿಯೂ ಕೇಳಿಸುವುದಿಲ್ಲ. ಕಿಕ್ ಬಿದ್ದಾಗಲೆಲ್ಲ ಉಳಿದ ದನಿಗಳನ್ನು ಅದುಮುವ ಸೈಡ್‌ಚೈನ್ ತಂತ್ರವನ್ನು ಎಷ್ಟು ಜೋರಾಗಿ ಬಳಸಲಾಗಿದೆಯೆಂದರೆ, ನೀಳ ಸ್ವರಗಳು ಕೂಡ ತುಂಡುತುಂಡಾಗಿ ಉಬ್ಬಿ ಇಳಿಯುತ್ತವೆ. ಮೊದಲ ಡ್ರಾಪ್‌ನಲ್ಲಿ ನಾಲ್ಕು ಸ್ವರಗಳಿಂದ ಸಾಧಿಸಿದ್ದನ್ನು ಇಲ್ಲಿ ನಲವತ್ತು ದನಿಗಳಿಂದ ಸಾಧಿಸಲಾಗಿಲ್ಲ.

ನಾದಗುಣದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಒಂದು ವಿಷಯದ ಹೊರತು. ಹಳೆಯ ಗೇಮ್ ಯಂತ್ರಗಳ '8-ಬಿಟ್' ಅನುಭವ ಕೊಡಬೇಕೆಂದು ಹಲವರು ಸಿಂಥ್ ದನಿಗೆ ಬಿಟ್‌ಕ್ರಷರ್ ಹಚ್ಚಿ ಒರಟುಗೊಳಿಸುತ್ತಾರೆ. ಗೇಮ್ ಬಾಯ್‌ನ ಪಲ್ಸ್ ದನಿ ಒರಟಲ್ಲ. ಅದು ತೆಳ್ಳಗೆ, ಚೊಕ್ಕಟವಾಗಿರುವ ದನಿ. ಪಲ್ಸ್‌ನ ಅಗಲವನ್ನು 12.5, 25, 50, 75 ಶೇಕಡಾ ಎಂಬ ನಾಲ್ಕು ಬಗೆಗಳಲ್ಲಿ ಆರಿಸಿಕೊಳ್ಳಬಹುದು, ಕಿರಿದಾದಷ್ಟೂ ದನಿ ಮೂಗಿನದೆನಿಸುತ್ತದೆ. ಈ ರೀಮಿಕ್ಸ್‌ನ ನಡುವಿನ ವಿರಾಮದಲ್ಲಿ ಡ್ರಮ್‌ಗಳೆಲ್ಲ ನಿಂತು, 12.5 ಶೇಕಡಾ ಅಗಲದ್ದೆಂದು ನನ್ನ ಕಿವಿಗೆ ತೋರುವ ಒಂಟಿ ಪಲ್ಸ್ ದನಿ ಧಾಟಿಯ ಒಂದು ಸಾಲನ್ನು ಯಾವ ಲೇಪವೂ ಇಲ್ಲದೆ ನುಡಿಸುತ್ತದೆ. ಅದಕ್ಕೆ ಪೂರ್ತಿ ಅಂಕ. ಸಾಲು ಭರ್ತಿಯಾಗಿ ಅಳಿಸಿಹೋಗುವ ಗೇಮ್ ಸದ್ದನ್ನು ಡ್ರಾಪ್‌ಗೆ ಮುಂಚೆ ತೂರಿಸಿರುವುದು ಮಾತ್ರ ಅಗ್ಗದ ಚಮತ್ಕಾರ. ಒಟ್ಟು ಗಟ್ಟಿತನವನ್ನು ಗರಿಷ್ಠಕ್ಕೆ ಏರಿಸಿರುವುದೂ ಹಾಗೆಯೇ; ಸ್ಟ್ರೀಮಿಂಗ್ ಸೇವೆಗಳು ಹಾಡುಗಳ ಗಟ್ಟಿತನವನ್ನು ಒಂದೇ ಮಟ್ಟಕ್ಕೆ, ಹೆಚ್ಚಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಗಟ್ಟಿತನದ ಅಳತೆ) ಸುತ್ತಮುತ್ತ, ತಂದು ಕೇಳಿಸುವ ಈ ಕಾಲದಲ್ಲಿ ಅದರಿಂದ ಏರಿಳಿತ ಕಳೆದುಕೊಳ್ಳುವುದು ಬಿಟ್ಟರೆ ಬೇರೆ ಲಾಭವಿಲ್ಲ.

ಇನ್ನು ಮುಕ್ತಾಯ. ಲೂಪ್‌ಗೆಂದು ಕಟ್ಟಿದ ಸಂಗೀತಕ್ಕೆ ಕೊನೆಯೇ ಇರುವುದಿಲ್ಲವಾದ್ದರಿಂದ, ರೀಮಿಕ್ಸ್ ಮಾಡುವವರು ಅದನ್ನು ತಾವೇ ರಚಿಸಬೇಕು. ಇಲ್ಲಿ ಒಂದು ನಿಮಿಷದಷ್ಟು ಕಾಲ ಬರಿಯ ಡ್ರಮ್‌ಗಳಿವೆ. ಮುಂದಿನ ಟ್ರ್ಯಾಕನ್ನು ಬೆರೆಸಿಕೊಳ್ಳುವ ಡಿಜೆಗಳಿಗೆ ಅದು ಅನುಕೂಲವೇ ಹೌದು, ಆದರೆ ಕುಳಿತು ಕೇಳುವವರಿಗಾಗಿ ಕೊನೆಯ ಬೀಟ್‌ಗಳಲ್ಲಿ ಆ ಬೇಸ್‌ನ ಮೇಲ್‌ಸ್ವರವನ್ನಾದರೂ ಉಳಿಸಿಕೊಳ್ಳಬಹುದಿತ್ತು. ಮೊದಲ ಡ್ರಾಪ್ ಮುಗಿಯುವವರೆಗಿನ ಭಾಗವನ್ನು, ಜೊತೆಗೆ ನಡುವಿನ ಒಂಟಿ ಪಲ್ಸ್‌ನ ಸಾಲನ್ನು, ಗೇಮ್ ಸಂಗೀತದಲ್ಲಿ ಆಸಕ್ತಿಯಿರುವ ಯಾರಿಗೂ ನಾನು ಹಿಂಜರಿಕೆಯಿಲ್ಲದೆ ಕೇಳಿಸುತ್ತೇನೆ. ಅದರಾಚೆಗಿನದು ಇದೇ ಧಾಟಿಯ ಬೇರೆ ಹತ್ತಾರು ರೀಮಿಕ್ಸ್‌ಗಳಲ್ಲಿಯೂ ಸಿಗುತ್ತದೆ.