ಕೆಸರು ಮುಟ್ಟದ ಹುಡುಗನ ಸಿಂಹಗಡ

ನಮ್ಮ ಧಾರವಾಡದ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಇದ್ದ ಹಾಗೆ, ಪುಣೆಯಲ್ಲಿ ದೀಪಾವಳಿಗೆ ಮಕ್ಕಳ ಕಿಲ್ಲಾ. ಕಲ್ಲು, ಇಟ್ಟಿಗೆ ಗುಡ್ಡೆ ಹಾಕಿ, ಒದ್ದೆ ಗೋಣಿಚೀಲ ಹೊದಿಸಿ, ಕೆಸರು ಮೆತ್ತಿ ಕೋಟೆ ಕಟ್ಟುತ್ತಾರೆ. ಮೇಲೆ ಶಿವಾಜಿ ಮಹಾರಾಜರು, ಸುತ್ತ ಮಣ್ಣಿನ ಮಾವಳೆ ಸೈನಿಕರು.

ಕೋಥರೂಡಿನ ನಮ್ಮ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ ಹೋದ ವರ್ಷ ಏಳು ಮಕ್ಕಳು, ಶಿವಾಜಿಯ ಸರದಾರ ತಾನಾಜಿ ಗೆದ್ದುಕೊಟ್ಟ ಸಿಂಹಗಡ ಕೋಟೆಯನ್ನು ಕಟ್ಟಲು ಶುರು ಮಾಡಿದರು. ಮೊದಲ ದಿನ ಬರೀ ಜಗಳ. ಆದರೆ ಒದ್ದೆ ಗೋಣಿಚೀಲ ಒಬ್ಬರ ಕೈಗೆ ಬಗ್ಗುವುದಿಲ್ಲ. ಒಬ್ಬ ಹಿಡಿಯಬೇಕು, ಇನ್ನೊಬ್ಬ ಮೆತ್ತಬೇಕು. ಬಿಟ್ಟರೆ ಗುಡ್ಡವೇ ಜಾರುತ್ತದೆ. ಸಂಜೆಯ ಹೊತ್ತಿಗೆ ಗಲಾಟೆ ತಾನಾಗಿಯೇ ಕಡಿಮೆಯಾಯಿತು.

ಮೂರನೇ ಮಹಡಿಯ ಹುಡುಗ ಮಾತ್ರ ದೂರ ನಿಂತಿದ್ದ. ಕೆಸರು ಮುಟ್ಟುವುದೇ ಇಲ್ಲ. ಉಳಿದವರು ಪುಕ್ಕಲ ಅಂತ ರೇಗಿಸಿದರು. ಕೆಲವು ಮಕ್ಕಳಿಗೆ ಅಂಟಂಟು ವಸ್ತು ಮುಟ್ಟಿದರೆ ಮೈಯೆಲ್ಲ ಮುದುಡುತ್ತದೆ. ಅದು ಹಟವಲ್ಲ. ಬಲವಂತ ಮಾಡಿದರೆ ಜಾಸ್ತಿಯೇ ಆಗುತ್ತದೆ. ಇದನ್ನು ಮಕ್ಕಳಿಗೆ ಹೇಗಪ್ಪಾ ಹೇಳುವುದು?

ಹೇಳಬೇಕಾಗಲಿಲ್ಲ. ಕಿಲ್ಲಾದ ಮೇಲೆ ಹಸಿರು ಬರಲೆಂದು ಅಳವಿ ಬೀಜ ಹಾಕುತ್ತಾರೆ, ನಮ್ಮಲ್ಲಿ ಬಾಣಂತಿಯರಿಗೆ ಉಂಡೆ ಕಟ್ಟುತ್ತೇವಲ್ಲ, ಅದೇ. ಬೇಗ ಮೊಳೆಯಲಿ ಅಂತ ನಾನು ನೆನೆಸಿಟ್ಟಿದ್ದೆ. ನೆನೆದರೆ ಲೋಳೆಯಾಗುತ್ತದೆ. ಆರು ವರ್ಷದ ಮಗಳು ಬಟ್ಟಲಿಗೆ ಕೈ ಹಾಕಿದವಳೇ ಹೊರಗೆ ಎಳೆದುಕೊಂಡಳು. "ಛೀ, ಸಿಂಬಳದಂಗ ಐತಿ!" ಫ್ರಾಕಿಗೆ ಕೈ ಒರೆಸುತ್ತಾ ಆ ಹುಡುಗನನ್ನು ನೋಡಿದಳು. "ಅವ್ವಾ, ಅವಂಗ ಕೆಸರು ಹಿಂಗ ಅನಸ್ತೈತೇನು?"

ಆಮೇಲೆ ತಾನೇ ಮೇಲೆ ಓಡಿ, ಡಬ್ಬಿಯಿಂದ ಒಣ ಬೀಜ ತಂದು ಅವನ ಕೈಗೆ ಸುರಿದಳು.

ಹೀಗೆ ಮುಟ್ಟಿ ತಿಳಿಯುವುದು ಹೊಸದೇನಲ್ಲ. ಒರಟು ಹಲಗೆ, ನುಣುಪು ಹಲಗೆ ಸವರಿ ಕಲಿಯುವುದನ್ನು ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ ನೂರು ವರ್ಷದ ಹಿಂದೆಯೇ ಶಾಲೆಗೆ ತಂದರು. 1939ರಲ್ಲಿ ಭಾರತಕ್ಕೂ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಈಗ ಇಂಥ ಆಟ ಸೆನ್ಸರಿ ಪ್ಲೇ (ಇಂದ್ರಿಯಗಳ ಆಟ) ಅನ್ನುವ ಹೆಸರಿನಲ್ಲಿ, ಬಣ್ಣದ ಮರಳಿನ ಸಮೇತ ಡಬ್ಬಿಯಲ್ಲಿ ಸಿಗುತ್ತದೆ. ನಾನೂ ಒಂದು ಕೊಂಡಿದ್ದೆ. ಮಗಳು ಅದನ್ನು ಒಬ್ಬಳೇ ಕೂತು ಆಡುತ್ತಿದ್ದಳು, ಅಷ್ಟೇ.

ನಾಲ್ಕನೇ ದಿನ ಹಸಿರು ಬಂತು, ಒಂದೇ ಪಕ್ಕಕ್ಕೆ! ಹುಡುಗ ಬೀಜವೆಲ್ಲ ಅಲ್ಲೇ ಚೆಲ್ಲಿದ್ದ. ನೋಡಲು ಬಂದ ಕಾಕಾ ಒಬ್ಬರು "ಈ ಕಡೆ ಬೋಳಾಗಿದೆಯಲ್ಲ" ಅಂದರು. ಹುಡುಗ ತಲೆ ತಗ್ಗಿಸಿದ. ಮೊದಲ ದಿನ ಪುಕ್ಕಲ ಅಂದವನೇ ಮುಂದೆ ಬಂದ. "ಅದು 1670ರಲ್ಲಿ ತಾನಾಜಿ ಹತ್ತಿದ ಬಂಡೆ, ಕಾಕಾ. ಅಲ್ಲಿ ಹುಲ್ಲು ಬೆಳೆಯಲ್ಲ."