“ಇದು ಕಂಡರೆ ಏನರ್ಥರಿ?” – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಸುಕಾದ ಒಂದು ಫೋಟೊ, ಕೆಳಗೆ ಒಂದು ಸಾಲು: “ಅಕ್ಕಾರ, ಇವತ್ತ ಮುಂಜಾನೆ ಇದು ಕಂಡಿತ್ರಿ. ಏನರ್ಥರಿ ಇದಕ್ಕ?” ಇಂಥ ಮೆಸೇಜ್ ನನಗೆ ಬರುತ್ತಲೇ ಇರುತ್ತದೆ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಹಕ್ಕಿ, ಹುಳ, ಗಿಡ ನೋಡಿ ನೋಟ್‌ಬುಕ್‌ನಲ್ಲಿ ಬರೆದಿಡುವ ಚಟ ನನಗಿದೆ ಅಂತ ಗುರುತಿನವರಿಗೆಲ್ಲ ಗೊತ್ತು. ಹಾಗಾಗಿ ಗೂಬೆ ಕೂಗಿದರೂ ನನಗೇ ಫೋನು, ಮುಂಗುಸಿ ಎಡದಿಂದ ಬಲಕ್ಕೆ ಓಡಿದರೂ ನನಗೇ ಫೋನು. ಮೊದಲೆಲ್ಲ ಅರ್ಥ ಹೇಳೋಕೆ ಊರಲ್ಲಿ ಹಿರಿಯರಿದ್ದರು. ಈಗ ಮೊಬೈಲ್‌ನಲ್ಲಿ ಪಟ್ಟಿಗಳೇ ಸಿಗುತ್ತವೆ. ಪಾತರಗಿತ್ತಿ ಕಂಡರೆ ಬದಲಾವಣೆ, ತೋಳ ಕಂಡರೆ ಧೈರ್ಯ, ಫ್ಲೆಮಿಂಗೊ ಕಂಡರೆ ಪ್ರೀತಿ. ಇದನ್ನು ಓದಿದವರು ಇನ್ನೂ ಜಾಸ್ತಿ ಗೊಂದಲ ಮಾಡಿಕೊಂಡು ಬರುತ್ತಾರೆ.

ನಾನು ಎಲ್ಲರಿಗೂ ಹೇಳುವುದು ಒಂದೇ. ಅರ್ಥ ಆಮೇಲೆ ನೋಡೋಣ, ಅದು ಏನು ಮಾಡ್ತಿತ್ತು ಹೇಳಿ.

ಜಾರಿಕೊಳ್ಳೋಕೆ ಹೀಗೆ ಹೇಳ್ತಾಳೆ ಅಂದುಕೊಳ್ಳುವವರಿದ್ದಾರೆ. ಪ್ರಾಣಿಗಳಿಗೆ ಅರ್ಥ ಕಟ್ಟುವುದರ ಬಗ್ಗೆ ನನಗೇನೂ ಸಿಟ್ಟಿಲ್ಲ. ನಮ್ಮ ಜಿಲ್ಲೆಯೇ ಅದರ ಮೇಲೆ ನಿಂತಿದೆ ಅಂದರೂ ತಪ್ಪಿಲ್ಲ. ಬಾದಾಮಿ ಚಾಲುಕ್ಯರ ಲಾಂಛನ ವರಾಹ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶ ಬರೆಸಿದ ಕ್ರಿ.ಶ. 578ರ ಶಾಸನ ಇದೆ. ಅಲ್ಲೇ ಭೂದೇವಿಯನ್ನು ಎತ್ತಿ ಹಿಡಿದ ದೊಡ್ಡ ವರಾಹನೂ ಇದ್ದಾನೆ. ಕಾಡುಹಂದಿ ರಾತ್ರಿ ಹೊಲಕ್ಕೆ ನುಗ್ಗಿದ್ದನ್ನು ಯಾರಾದರೂ ನೋಡಿದ್ದರೆ, ಮುಂಜಾನೆ ಆ ಹೊಲಕ್ಕೆ ಹೋಗಿ ನಿಂತಿದ್ದರೆ, ಈ ಕಲ್ಪನೆ ಎಲ್ಲಿಂದ ಬಂದಿರಬಹುದು ಅಂತ ಥಟ್ಟನೆ ಹೊಳೆಯುತ್ತದೆ. ಹಂದಿ ಮೂತಿಯನ್ನು ಮಣ್ಣಿಗೆ ಚುಚ್ಚಿ, ತಲೆ ಮೇಲಕ್ಕೆ ಒಗೆಯುತ್ತದೆ. ಹೆಂಟೆಗಟ್ಟಲೆ ಮಣ್ಣು ಎದ್ದು ಬರುತ್ತದೆ. ನೀರಿನಡಿಯಿಂದ ಭೂಮಿಯನ್ನು ಎತ್ತುವ ಕೆಲಸ ಬೇರೆ ಯಾವ ಪ್ರಾಣಿಗೆ ಒಪ್ಪಿಸೋಕೆ ಬರುತ್ತಿತ್ತು? ನನ್ನ ಅಂದಾಜು ಇಷ್ಟೇ: ಹಳೆಯ ಕಾಲದ ಒಳ್ಳೆಯ ಸಂಕೇತಗಳ ಹಿಂದೆ ಯಾರೋ ಒಬ್ಬರು ಕೂತು ಸರಿಯಾಗಿ ನೋಡಿದ್ದಾರೆ. ನಾವು ಆ ನೋಡುವ ಕೆಲಸ ಬಿಟ್ಟು ಅರ್ಥವನ್ನಷ್ಟೇ ಇಟ್ಟುಕೊಂಡಿದ್ದೇವೆ. (ಮುಧೋಳ ಕಡೆ ಕಬ್ಬು ಬೆಳೆಯುವವರ ಮುಂದೆ ಮಾತ್ರ ವರಾಹನ ಮಹಿಮೆ ಹೇಳೋಕೆ ಹೋಗಬೇಡಿ.)

ಕಾಗೆಯ ವಿಷಯ ಹೇಳುತ್ತೇನೆ, ಯಾಕೆಂದರೆ ನನ್ನ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಪುಟ ತಿಂದಿರುವುದು ಅದೇ.

ನಮ್ಮ ಹಿತ್ತಲ ಗೋಡೆ ಮೇಲೆ ಹಕ್ಕಿಗಳಿಗೆ ಅಂತ ಮಣ್ಣಿನ ಬೋಗುಣಿಯಲ್ಲಿ ನೀರಿಡುತ್ತೇನೆ. ಪಕ್ಕದಲ್ಲಿ ಮಿಕ್ಕಿದ ಕಟಕ ರೊಟ್ಟಿ ಚೂರು. ನೆಲ್ಲಿಕಾಯಿ ಗಿಡದ ಮೇಲೆ ಕೂತು ಕಾಯುವ ಕಾಗೆ ಒಂದಿದೆ, ಬಲ ಕಾಲಿನ ಒಂದು ಬೆರಳು ಮೊಂಡು, ಹಾಗಾಗಿ ಗುರುತು ಸಿಗುತ್ತದೆ. ಅದು ಬಂದು ರೊಟ್ಟಿ ಎತ್ತುತ್ತದೆ, ಕಚ್ಚಿ ನೋಡುತ್ತದೆ, ಗಟ್ಟಿ. ಸೀದಾ ಬೋಗುಣಿಗೆ ಹೋಗಿ ನೀರಲ್ಲಿ ಅದ್ದುತ್ತದೆ. ಒಂದು ಸಲ ಅದ್ದಿ ಕೊಕ್ಕಲ್ಲಿ ಒತ್ತಿ ನೋಡುತ್ತದೆ, ಇನ್ನೂ ಮೆತ್ತಗಾಗಿಲ್ಲ, ಮತ್ತೆ ಬಿಡುತ್ತದೆ. ಅಷ್ಟರಲ್ಲಿ ಬೇರೆ ಕಾಗೆ ಬಂದರೆ ಕಾಲಿನಿಂದ ರೊಟ್ಟಿಯನ್ನು ಬೋಗುಣಿಯ ಅಂಚಿಗೆ ಒತ್ತಿ ಹಿಡಿದು ನಿಲ್ಲುತ್ತದೆ. ಚಪಾತಿ ಇಟ್ಟ ದಿನ ಅದ್ದುವುದಿಲ್ಲ. ಅಂದರೆ ಅದಕ್ಕೆ ಇದು ಸುಮ್ನೆ ಅಭ್ಯಾಸ ಇರಲಿಕ್ಕಿಲ್ಲ, ಯಾವುದಕ್ಕೆ ನೀರು ಬೇಕು ಅಂತ ಗೊತ್ತಿದೆ. ಕಾಗೆಗಳು ಒಣ ತಿನಿಸನ್ನು ನೀರಲ್ಲಿ ನೆನೆಸುವುದನ್ನು ಹಕ್ಕಿ ನೋಡುವವರು ಬೇರೆ ಬೇರೆ ಕಡೆ ದಾಖಲಿಸಿದ್ದಾರೆ. ಆದರೆ ಜೋಳದ ರೊಟ್ಟಿ ನೆನೆಸುವ ಕಾಗೆ ನಮ್ಮ ಕಡೆಯದು, ಆ ಹೆಮ್ಮೆ ನನಗಿದೆ.

ಈಗ ಅರ್ಥದ ಮಾತಿಗೆ ಬರೋಣ. ಕಾಗೆ ಕೂಗಿದರೆ ನೆಂಟರು, ತಲೆ ಮುಟ್ಟಿದರೆ ಕೇಡು, ಪಿಂಡ ಮುಟ್ಟಿದರೆ ಹಿರಿಯರಿಗೆ ಸಮಾಧಾನ. ಇವೆಲ್ಲ ಇವೆ. ಇವುಗಳಾಚೆ ನಮ್ಮದೇ ಬಾಗೇವಾಡಿಯ ಬಸವಣ್ಣನವರು ಹನ್ನೆರಡನೇ ಶತಮಾನದಲ್ಲಿ ಕೇಳಿದ ಪ್ರಶ್ನೆ ಇದೆಯಲ್ಲ, ಕಾಗೆ ಒಂದು ಅಗುಳು ಕಂಡರೆ ತನ್ನ ಬಳಗವನ್ನೆಲ್ಲ ಕರೆಯೋದಿಲ್ಲವೇ ಅಂತ, ಅದು ನನ್ನ ತಲೆಯಲ್ಲಿ ಶಾಲೆಯ ದಿನಗಳಿಂದ ಕೂತಿದೆ. ಹಾಗಾಗಿ ಕಾಗೆ ಯಾವಾಗ ಕರೆಯುತ್ತದೆ, ಯಾವಾಗ ಕರೆಯೋದಿಲ್ಲ ಅಂತ ಬರೆಯತೊಡಗಿದೆ. ನನ್ನ ಹಿತ್ತಲಲ್ಲಿ ಕಂಡದ್ದು ಹೀಗಿದೆ. ರೊಟ್ಟಿ ಚೂರು ರಾಶಿ ಬಿದ್ದಿದ್ದರೆ ಮೊಂಡು ಬೆರಳಿನವನು ಗೋಡೆ ಮೇಲೆ ಕೂತು ಜೋರಾಗಿ ಕರೆಯುತ್ತಾನೆ. ಒಂದೇ ಚೂರು ಇದ್ದರೆ ತುಟಿ ಪಿಟಕ್ಕೆನ್ನದೆ ಎತ್ತಿಕೊಂಡು ಹೋಗುತ್ತಾನೆ. ಇದನ್ನು ಹೇಳಿದಾಗ ಒಬ್ಬರು, “ಹಂಗಾದ್ರ ಬಸವಣ್ಣನವರ ಮಾತು ಸುಳ್ಳೇನ್ರೀ?” ಅಂತ ಬೇಜಾರು ಮಾಡಿಕೊಂಡರು. ಸುಳ್ಳು ಯಾಕಾಗುತ್ತದೆ? ವಚನ ಕಾಗೆಯನ್ನು ತೋರಿಸಿ ಕೇಳಿದ್ದು ನಮ್ಮನ್ನು. ನನಗಂತೂ ಕಾಗೆಯನ್ನು ನೋಡಿದ ಮೇಲೆಯೇ ಆ ವಚನದ ಚುರುಕು ತಾಗಿದ್ದು, ಯಾಕೆಂದರೆ ಅದರಲ್ಲಿರುವುದು ರಾಶಿ ಅನ್ನ ಅಲ್ಲ, ಒಂದೇ ಅಗುಳು. ರಾಶಿ ಇದ್ದಾಗ ನಾನೂ ಕರೆಯುತ್ತೇನೆ. ಹೋಳಿಗೆ ಮಾಡಿದ ದಿನ ಓಣಿಗೆಲ್ಲ ಹಂಚುತ್ತೇನೆ. ತಿಂಗಳ ಕೊನೆಯಲ್ಲಿ ಬಾಗಿಲು ಬಡಿದವರಿಗೆ ಎಂಥ ಮುಖ ತೋರಿಸುತ್ತೇನೆ ಅನ್ನುವುದು ಬೇರೆ ಮಾತು.

ಮಳೆಯ ವಾಹನದ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೃಗಶಿರಾ, ಆರಿದ್ರಾ ಅಂತ ಒಂದೊಂದು ಮಳೆ ನಕ್ಷತ್ರಕ್ಕೂ ಪಂಚಾಂಗದಲ್ಲಿ ಒಂದು ಪ್ರಾಣಿ ವಾಹನ ಬರೆದಿರುತ್ತದೆ. ಆನೆ, ಎಮ್ಮೆ, ಕಪ್ಪೆ ಬಂದರೆ ಮಳೆ ಜೋರು. ನರಿ, ಕುರಿ ಬಂದರೆ ಮುಖ ಸಣ್ಣದು. ಇದಕ್ಕೊಂದು ಲೆಕ್ಕ ಇದೆ: ಸೂರ್ಯ ಆ ನಕ್ಷತ್ರಕ್ಕೆ ಬರುವ ಹೊತ್ತಿಗೆ ಸೂರ್ಯನ ನಕ್ಷತ್ರದಿಂದ ಚಂದ್ರನ ನಕ್ಷತ್ರದ ತನಕ ಎಣಿಸಿ, 9ರಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದೊಂದು ಪ್ರಾಣಿ. ಕಪ್ಪೆಗೆ ಪಾಪ ಇದರಲ್ಲಿ ಯಾವ ಕೈವಾಡವೂ ಇಲ್ಲ. ಹಳ್ಳದ ಕಪ್ಪೆಯ ಕತೆ ಬೇರೆ. ಬೇಸಿಗೆ ಪೂರ್ತಿ ಮಣ್ಣೊಳಗೆ ಅಡಗಿದ್ದ ದೊಡ್ಡ ಗದ್ದೆ ಕಪ್ಪೆಗಳು ಜೋರು ಮಳೆ ಬಿದ್ದ ರಾತ್ರಿ ಹೊರಗೆ ಬರುತ್ತವೆ. ಗಂಡುಗಳು ಅರಿಶಿಣ ಹಚ್ಚಿಕೊಂಡ ಮದುಮಗನ ಹಾಗೆ ಹಳದಿಯಾಗಿ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತವೆ. ನೋಡಿಲ್ಲ ಅಂದರೆ ಈ ಸಲ ಟಾರ್ಚ್ ಹಿಡಿದು ಹೋಗಿ ನೋಡಿ, ನಂಬೋಕೆ ಆಗೋದಿಲ್ಲ.

ನಮ್ಮ ರೈತರನ್ನು ಗಮನಿಸಿ. ವಾಹನ ಏನು ಅಂತ ಕಟ್ಟೆ ಮೇಲೆ ಕೂತು ಕೇಳುತ್ತಾರೆ, ನಗುತ್ತಾರೆ, ವಾದ ಮಾಡುತ್ತಾರೆ. ಬಿತ್ತುವ ದಿನ ಮಾತ್ರ ಹೊಲಕ್ಕೆ ಹೋಗಿ, ಕೈಯಿಂದ ಮಣ್ಣು ಕೆದಕಿ, ಮುದ್ದೆ ಮಾಡಿ ಹಸಿ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಿಯೇ ಕೂರಿಗೆ ಹೂಡುತ್ತಾರೆ. ಪಂಚಾಂಗದಲ್ಲಿ ಆನೆ ಇದ್ದರೂ ಹಸಿ ಇಲ್ಲದೆ ಬೀಜ ಹಾಕುವುದಿಲ್ಲ. ಸಂಕೇತವನ್ನು ಎಲ್ಲಿ ಇಡಬೇಕು ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಇನ್ನು ಫ್ಲೆಮಿಂಗೊ. ಆಲಮಟ್ಟಿ ಹಿನ್ನೀರು ಇಳಿದು ಕೆಸರು ತೆರೆದುಕೊಂಡಾಗ ಬಾಗಲಕೋಟೆ ಸುತ್ತ ಇವು ಬರುತ್ತವೆ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಫ್ಲೆಮಿಂಗೊ ತಲೆಯನ್ನು ತಲೆಕೆಳಗು ಮಾಡಿ ಕೆಸರು ನೀರನ್ನು ಸೋಸಿ ತಿನ್ನುತ್ತದೆ. ಅದರ ಗುಲಾಬಿ ಬಣ್ಣ ಬರುವುದು ತಿನ್ನುವ ಪಾಚಿ ಮತ್ತು ಸಿಗಡಿಯಂಥ ಸಣ್ಣ ಜೀವಿಗಳಿಂದ. ಊಟ ಬದಲಾದರೆ ಬಣ್ಣವೂ ಮಾಸುತ್ತದೆ. ಪ್ರೀತಿಯ ಸಂಕೇತ ಅಂತ ಫೋಟೊ ತೆಗೆಸಿಕೊಳ್ಳೋಕೆ ಹೊಸ ಜೋಡಿಗಳೂ ಬರುತ್ತವೆ. ಒಂದು ಸಲ ನಮ್ಮ ಓಣಿಯ ಅಜ್ಜಿಯೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರು ಹಕ್ಕಿಗಳನ್ನು ಸ್ವಲ್ಪ ಹೊತ್ತು ನೋಡಿ, ಕೈ ಅಡ್ಡ ಹಿಡಿದು ದೂರಕ್ಕೆ ದಿಟ್ಟಿಸಿ, “ಅವು ನಿಂತಾವಲ್ಲ ಯವ್ವಾ, ಅಲ್ಲೇ ನಮ್ಮ ಎರಿ ಹೊಲ ಇತ್ತು” ಅಂದರು. ಅವರ ಹಳೆಯ ಮನೆಯೂ ಮುಳುಗಡೆಯಲ್ಲಿ ಹೋಗಿದೆ. ನವನಗರ ಹುಟ್ಟಿದ್ದೇ ಹಾಗೆ, ಅಣೆಕಟ್ಟಿನ ನೀರು ಬಾಗಲಕೋಟೆಯೊಳಗೆ ಬಂದಿದ್ದರಿಂದ. ಅಜ್ಜಿಯ ಮುಂದೆ ಫ್ಲೆಮಿಂಗೊ ಅಂದರೆ ಪ್ರೀತಿ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಆ ದಿನದ ಪುಟದಲ್ಲಿ ಹಕ್ಕಿಯ ಲೆಕ್ಕದ ಜೊತೆ ಆ ಹೊಲದಲ್ಲಿ ಏನೇನು ಬೆಳೆಯುತ್ತಿದ್ದರು ಅಂತಲೂ ಬರೆದಿದ್ದೇನೆ: ಬಿಳಿಜೋಳ, ಕಡಲೆ, ಕುಸುಬೆ.

ಅರ್ಥ ಕಟ್ಟುವುದರಿಂದ ನಷ್ಟ ಏನು ಅಂತ ಕೇಳಿದರೆ ಎರಡು ತಲೆ ಹಾವಿನ ಹೆಸರು ಹೇಳುತ್ತೇನೆ. ಅದಕ್ಕೆ ಎರಡು ತಲೆ ಇಲ್ಲ. ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ, ಅಷ್ಟೇ. ಮಣ್ಣಲ್ಲಿ ಅಡಗಿ ಇಲಿ ತಿಂದುಕೊಂಡಿರುವ ಬಡಪಾಯಿ ಅದು, ವಿಷವೂ ಇಲ್ಲ. ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಅನ್ನುವ ಒಂದೇ ಮಾತಿಗೆ ಅದನ್ನು ಹಿಡಿದು ಮಾರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ, ಆದರೂ ನಿಂತಿಲ್ಲ.

ಬರೆಯೋದು ಹೇಗೆ ಅಂತ ಕೇಳುವವರಿಗೆ: ನೂರು ಪುಟದ ನೋಟ್‌ಬುಕ್ ಸಾಕು, ಚಿತ್ರ ಬಿಡಿಸೋಕೆ ಬರಬೇಕು ಅಂತೇನಿಲ್ಲ. ನಾನು ಬಲಪುಟದಲ್ಲಿ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ತಾರೀಖು, ಹೊತ್ತು, ಜಾಗ, ಬಿಸಿಲೋ ಮೋಡವೋ, ಎಷ್ಟಿದ್ದವು, ಏನು ಮಾಡುತ್ತಿದ್ದವು. ಎಡಪುಟ ಖಾಲಿ ಬಿಡುತ್ತೇನೆ. ನನಗೆ ಅನಿಸಿದ್ದು, ಅಮ್ಮ ಹೇಳಿದ ಶಕುನ, ನೆನಪಾದ ಗಾದೆ ಎಲ್ಲ ಅಲ್ಲಿಗೆ, ಅದೂ ಕೆಲವು ದಿನ ಬಿಟ್ಟು. ಎಷ್ಟೋ ಎಡಪುಟಗಳು ಖಾಲಿಯೇ ಉಳಿದಿವೆ, ಇರಲಿ ಬಿಡಿ. ಬೇಸರದ ದಿನ ಕಾಗೆಯೂ ದುಃಖದಲ್ಲಿದೆ ಅಂತ ಬರೆಯೋಕೆ ಕೈ ಹೋಗುತ್ತದೆ. ಪುಟ ಬೇರೆ ಇದ್ದರೆ ಆ ಆಟ ನಮಗೇ ಗೊತ್ತಾಗುತ್ತದೆ, ಅಲ್ವಾ?

ಇದರಿಂದ ಯಾರಿಗೆ ಏನು ಉಪಯೋಗ ಅನ್ನುವವರೂ ಇದ್ದಾರೆ. ಅಮೆರಿಕದ ಕಾನ್‌ಕಾರ್ಡ್ ಅನ್ನುವ ಊರಲ್ಲಿ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ಯಾವ ಗಿಡ ಯಾವತ್ತು ಹೂ ಬಿಟ್ಟಿತು ಅಂತ ಬರೆದಿಟ್ಟಿದ್ದರು. ನೂರೈವತ್ತು ವರ್ಷ ಆದ ಮೇಲೆ ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಜೊತೆಯವರು ಅದನ್ನು ಈಗಿನ ತಾರೀಖುಗಳ ಜೊತೆ ಹೋಲಿಸಿದರು. ಗಿಡಗಳು ಸರಾಸರಿ ಒಂದು ವಾರದ ಆಸುಪಾಸು ಮೊದಲೇ ಹೂ ಬಿಡುತ್ತಿವೆ ಅಂತ ಗೊತ್ತಾಯಿತು. ನೀವೂ ಮನೆ ಮುಂದಿನ ಬೇವಿನಿಂದ ಶುರು ಮಾಡಬಹುದು. ಯುಗಾದಿಗೆ ಹೂ ಇತ್ತು ಅಂತಷ್ಟೇ ಬರೆದರೆ ಸಾಲದು, ಹಬ್ಬ ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ. ಕ್ಯಾಲೆಂಡರ್ ತಾರೀಖೂ ಹಾಕಿ.

ಕೊನೆಗೆ ಗೂಬೆ. ಈ ಪ್ರಶ್ನೆ ನಿಲ್ಲೋದೇ ಇಲ್ಲ. ಬುಡಬುಡಿಕೆಯವರು “ಹಾಲಕ್ಕಿ ನುಡಿತೈತಿ” ಅಂತ ನಸುಕಿನಲ್ಲಿ ಬಾಗಿಲಿಗೆ ಬಂದರೆ ಕಾಳು ಹಾಕಿ ಕಳಿಸುತ್ತೇವೆ, ಅದೇ ಹಾಲಕ್ಕಿ, ಅಂದರೆ ಸಣ್ಣ ಚುಕ್ಕೆ ಗೂಬೆ, ನಿಜವಾಗಿ ಬಂದು ಕೂತರೆ ಹೆದರುತ್ತೇವೆ. ಅದು ಬೀದಿದೀಪದ ಹುಳ ಹಿಡಿಯೋಕೆ ಬಂದಿರುತ್ತದೆ. ಅಪ್ಪಿತಪ್ಪಿ ಮನೆಯೊಳಗೆ ಬಂತು ಅಂದರೆ ಫ್ಯಾನ್ ನಿಲ್ಲಿಸಿ, ದೀಪ ಆರಿಸಿ, ಒಂದು ಕಿಟಕಿ ಪೂರ್ತಿ ತೆರೆದು ಆಚೆ ಬನ್ನಿ, ತಾನೇ ಹೋಗುತ್ತದೆ. ಗಾಯ ಆಗಿದ್ದರೆ ರಟ್ಟಿನ ಡಬ್ಬಿಯಲ್ಲಿಟ್ಟು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ, ಹಾಲು ಕುಡಿಸಬೇಡಿ. ಮನೆ ಬಿಡುವ ಅಗತ್ಯ ಇಲ್ಲ. ಶಾಂತಿ ಮಾಡಿಸಲೇಬೇಕು ಅಂತ ಮನೆಯ ಹಿರಿಯರು ಹಟ ಹಿಡಿದರೆ ಮಾಡಿಸಿ, ಜಗಳ ಬೇಡ, ಆದರೆ ಗೂಬೆ ಎಷ್ಟು ಹೊತ್ತಿಗೆ ಬಂತು, ಎಲ್ಲಿ ಕೂತಿತ್ತು, ಯಾವ ಕಡೆ ಹೋಯಿತು ಅಂತ ಬರೆದು ನನಗೂ ಕಳಿಸಿ. ಫೋಟೊ ಮಸುಕಾದರೂ ನಡೆಯುತ್ತದೆ.