ಕೋಚ್ ಆಯ್ಕೆಯಲ್ಲಿ ನಾನು ನೋಡದೆ ಬಿಟ್ಟ ಒಂದು ತಿದ್ದುಪಡಿ

ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ನನ್ನದು ಲೆಕ್ಕಪತ್ರದ ಕೆಲಸ. ಪುರುಷರ ಬಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಮುಖ್ಯ ಕೋಚ್ ಬೇಕಾದಾಗ ನಿಯಮದಂತೆ ಜಾಹೀರಾತು ಪ್ರಕಟವಾಗುತ್ತದೆಯಾದರೂ, ಅದನ್ನು ನೋಡಿ ಅರ್ಜಿ ಹಾಕಿ ಆಯ್ಕೆಯಾದವರನ್ನು ನಾನು ಕಂಡಿಲ್ಲ. ಹೆಸರುಗಳ ಪಟ್ಟಿ ನಮ್ಮ ವಿಭಾಗದ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಅವರ ಬಳಿ ಮೊದಲೇ ಇರುತ್ತದೆ. ಹಾಲಿ ಕೋಚ್ ಗೆಲ್ಲುತ್ತಿರುವಾಗಲೂ ಇರುತ್ತದೆ, ಏಕೆಂದರೆ ಗೆಲ್ಲುವವರ ಮೇಲೆ ಬೇರೆ ವಿಶ್ವವಿದ್ಯಾಲಯಗಳ ಕಣ್ಣಿರುತ್ತದೆ.

ಅವಸರಕ್ಕೂ ಕಾರಣವಿದೆ. ಋತು ಮುಗಿಯುವ ಹೊತ್ತಿಗೇ ಟ್ರಾನ್ಸ್‌ಫರ್ ಪೋರ್ಟಲ್ (ವಿಶ್ವವಿದ್ಯಾಲಯ ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ಆನ್‌ಲೈನ್ ಪಟ್ಟಿ) ತೆರೆದು ಆಟಗಾರರು ಬೇರೆ ತಂಡಗಳತ್ತ ಹೊರಡುವುದರಿಂದ, ಕೋಚ್ ಇಲ್ಲದ ಒಂದೊಂದು ದಿನವೂ ತಂಡ ಕರಗುತ್ತದೆ. 2024ರ ಏಪ್ರಿಲ್‌ನಲ್ಲಿ ಕೋಚ್ ಜಾನ್ ಕ್ಯಾಲಿಪರಿ ಕೆಂಟಕಿ ವಿಶ್ವವಿದ್ಯಾಲಯವನ್ನು ಬಿಟ್ಟು ಅರ್ಕಾನ್ಸಾಸ್‌ಗೆ ಹೋದಾಗ, ಬೇಲರ್ ವಿಶ್ವವಿದ್ಯಾಲಯದ ಕೋಚ್ ಸ್ಕಾಟ್ ಡ್ರೂ ತಾವು ಬರುವುದಿಲ್ಲ ಎಂದ ಮೇಲೂ, ಕೆಂಟಕಿ ಅದೇ ವಾರದೊಳಗೆ ಮಾರ್ಕ್ ಪೋಪ್ ಅವರನ್ನು ಕರೆತಂದಿತು. ತಾವೇ 1996ರಲ್ಲಿ ಕೆಂಟಕಿಯ ಚಾಂಪಿಯನ್ ತಂಡದಲ್ಲಿ ಆಡಿದ್ದ ಪೋಪ್ ಬಹುತೇಕ ಇಡೀ ತಂಡವನ್ನೇ ಹೊಸದಾಗಿ ಕಟ್ಟಬೇಕಾಯಿತು.

ಇಂಥ ಒಂದು ಹುಡುಕಾಟದಲ್ಲಿ ನನಗೆ ವಹಿಸಿದ್ದು ಹೋಲಿಕೆಯ ಪಟ್ಟಿ. ಅದರಲ್ಲಿ ಪ್ರತಿಯೊಬ್ಬರ ಸೋಲು–ಗೆಲುವು, ಎದುರಾಳಿಯ ಅಂಗಳದಲ್ಲಿ ಗೆದ್ದ ಪಂದ್ಯಗಳು, ಅವರ ಈಗಿನ ಸಂಸ್ಥೆಯ ಬಜೆಟ್, ಕೊನೆಯಲ್ಲಿ ಬೈಔಟ್ ಇದ್ದವು. ಕರಾರಿನ ಅವಧಿ ಮುಗಿಯುವ ಮೊದಲೇ ಹೊರಟ ಕೋಚ್ ತನ್ನ ಹಳೆಯ ಸಂಸ್ಥೆಗೆ ಕಟ್ಟಿಕೊಡಬೇಕಾದ ಮೊತ್ತವೇ ಬೈಔಟ್. ರೂಢಿಯಲ್ಲಿ ಅದನ್ನು ತೆರುವುದು ಹೊಸ ಸಂಸ್ಥೆ. ಮೊದಲ ಆಯ್ಕೆಯಾಗಿದ್ದ ಕೋಚ್ ಅವರ ಕರಾರನ್ನು ನಾನು ಮೊದಲ ಪುಟದಿಂದ ಸಹಿಯವರೆಗೆ ಓದಿ, ಮೊತ್ತವನ್ನು ಬರೆದು, ಅಡಿಗೆರೆ ಹಾಕಿಕೊಟ್ಟಿದ್ದೆ. ಹಿಂದಿನ ಶರತ್ಕಾಲದಲ್ಲಿ ಅವರ ಸಂಬಳ ಹೆಚ್ಚಿಸಿ ಮಾಡಿಕೊಂಡಿದ್ದ ಎರಡು ಪುಟಗಳ ತಿದ್ದುಪಡಿ ಪ್ರತ್ಯೇಕ ಕಡತದಲ್ಲಿತ್ತು. ಬೈಔಟ್ ಅದರಲ್ಲಿ ಹತ್ತಿರ ಹತ್ತಿರ ಎರಡರಷ್ಟಾಗಿತ್ತು.

ಅದು ತಿಳಿದದ್ದು ರಾತ್ರಿ ಹನ್ನೊಂದರ ಮೇಲೆ, ಆ ಕೋಚ್ ಅವರ ಏಜೆಂಟರ ವಕೀಲರು ಷರತ್ತುಗಳ ಕರಡು ಕಳಿಸಿದಾಗ. ಡೈರೆಕ್ಟರ್ ಫೋನ್ ಮಾಡಿ, "ನಿಮ್ಮ ಅಂಕಿ ಯಾವ ತಾರೀಖಿನದು?" ಎಂದಷ್ಟೇ ಕೇಳಿದರು. ನನ್ನ ಪಟ್ಟಿಯಲ್ಲಿ ತಾರೀಖಿನ ಕಾಲಮ್ಮೇ ಇರಲಿಲ್ಲ. ಕೋಚ್ ಏನೋ ಬಂದರು. ಆದರೆ ಕೊರತೆಯ ಒಂದು ಪಾಲನ್ನು ದಾನಿಗಳು ತುಂಬಿದರೆ, ಉಳಿದದ್ದನ್ನು ಸಹಾಯಕ ಕೋಚ್‌ಗಳ ಸಂಬಳದ ಹಣದಿಂದ ಕಡಿಯಬೇಕಾಯಿತು. ಹೊಸ ಕೋಚ್ ತಮ್ಮ ಜೊತೆಗೆ ಕರೆತರಬೇಕೆಂದಿದ್ದ ಸಹಾಯಕರು ಬೇರೆಡೆ ಸೇರಿಕೊಂಡರು. ಈ ಮೊತ್ತಗಳನ್ನು ಊರಿನಲ್ಲಿರುವ ಅಪ್ಪನಿಗೆ ಹೇಳಿದಾಗ ಅವರು, "ಆಟ ಕಲಿಸುವವನಿಗೆ ಕುಲಪತಿಗಿಂತ ಹೆಚ್ಚು ಸಂಬಳವೇನೋ?" ಎಂದು ಬೆರಗಾದರೇ ಹೊರತು ನನ್ನ ತಪ್ಪನ್ನು ಗಮನಿಸಲಿಲ್ಲ.

ಈಗ ನನ್ನ ಪಟ್ಟಿಯಲ್ಲಿ ಬೈಔಟ್‌ನ ಪಕ್ಕದಲ್ಲಿ ಇನ್ನೆರಡು ಕಾಲಮ್‌ಗಳಿವೆ: ಕೊನೆಯ ತಿದ್ದುಪಡಿಯ ತಾರೀಖು, ಮೊತ್ತ ಇಳಿಯುವ ತಾರೀಖು. ಹಲವು ಕರಾರುಗಳಲ್ಲಿ ಒಂದು ಗೊತ್ತಾದ ದಿನ ದಾಟಿದರೆ ಬೈಔಟ್ ಕಡಿಮೆಯಾಗುವುದುಂಟು. ಸಹಿಯನ್ನು ಒಂದೆರಡು ದಿನ ತಡೆದರೆ ಉಳಿಯುವ ಹಣ ಸಣ್ಣದಲ್ಲ. ಆದರೆ ಈ ದಾಖಲೆಗಳನ್ನು ಮುಂಚಿತವಾಗಿ ತರಿಸಿಕೊಳ್ಳುವುದು ನಾಜೂಕಿನ ಕೆಲಸ. ಸರ್ಕಾರಿ ವಿಶ್ವವಿದ್ಯಾಲಯಗಳ ಕರಾರುಗಳನ್ನು ಸಾರ್ವಜನಿಕ ದಾಖಲೆಯಾಗಿ ಕೇಳಿ ಪಡೆಯಬಹುದು. ಆದರೆ ಹಲವು ರಾಜ್ಯಗಳಲ್ಲಿ ಹಾಗೆ ಕೇಳಿದ ಅರ್ಜಿಯೂ ಸಾರ್ವಜನಿಕವೇ. ನಮ್ಮ ಹೆಸರಿನಲ್ಲಿ ಒಂದು ಅರ್ಜಿ ಹೋದರೆ ನಮ್ಮ ಕಣ್ಣು ಯಾರ ಮೇಲಿದೆ ಎಂಬುದು ವರದಿಗಾರರಿಗೆ ಗೊತ್ತಾಗುತ್ತದೆ. ಕೋಚ್ ಹುಡುಕಿಕೊಡುವ ಖಾಸಗಿ ಸಂಸ್ಥೆಗೆ, ಅಂದರೆ ಸರ್ಚ್ ಫರ್ಮ್‌ಗೆ, ಹಣ ತೆರುವುದು ದಂಡವೆಂದು ನಾನು ಗೊಣಗುತ್ತಿದ್ದೆ. ಎಷ್ಟೋ ಸಂಸ್ಥೆಗಳ ಕರಾರುಗಳನ್ನು ವರ್ಷವಿಡೀ ಕಲೆಹಾಕುವ ಅವರನ್ನು ಕೇಳಿದರೆ ಯಾರ ಗುಟ್ಟೂ ರಟ್ಟಾಗುವುದಿಲ್ಲವೆಂದು ತಿಳಿದ ಮೇಲೆ ಗೊಣಗುವುದನ್ನು ಬಿಟ್ಟೆ.

2025ರಿಂದ ಇನ್ನೊಂದು ಕಾಲಮ್ ಸೇರಿದೆ. ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದೆಂದು ಆ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಂದವನ್ನು ಅನುಮೋದಿಸಿದ್ದು, ಒಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಫುಟ್‌ಬಾಲ್‌ನ ಪಾಲು ಹೋದ ಮೇಲೆ ಬಾಸ್ಕೆಟ್‌ಬಾಲ್‌ಗೆ ಉಳಿಯುವುದೆಷ್ಟು ಎಂದು ಏಜೆಂಟರು ಈಗ ಸಂಬಳದ ಮಾತಿಗಿಂತ ಮೊದಲೇ ಕೇಳುತ್ತಾರೆ. ಆ ಅಂಕಿಯ ಪಕ್ಕದಲ್ಲೂ ನಾನು ತಾರೀಖು ಬರೆದೇ ಕೊಡುತ್ತೇನೆ.